ಹುಡುಕುವ ಕೈ

ಹೊಗೆ — ಮಂಡಕ್ಕಿ ಭಟ್ಟಿಯದೇ ಇರಬೇಕು, ಹೊಟ್ಟು ಉರಿದ ಒಗರು ವಾಸನೆ, ವ್ಯಾನಿನ ಅರ್ಧ ತೆರೆದ ಕಿಟಕಿಯಿಂದ ನುಗ್ಗಿ ಬಂದು ಅಕ್ಕನ ಮೂಗಿನ ಹೊಳ್ಳೆ ಒಮ್ಮೆ ಅರಳಿತು, ಅರಳಿತೋ ಇಲ್ಲವೋ, ಕಸ್ತೂರಮ್ಮ ಬಗ್ಗಿ ನೋಡಿದಳು, ಇಲ್ಲ, ಮುಖ ಬಲಕ್ಕೆ ಜೋತದ್ದು ಜೋತ ಹಾಗೆಯೇ ಇದೆ, ಎಡಗೈ ಮಾತ್ರ ಎದ್ದು ಎದೆಯ ಮೇಲೆ ಬಂದಿದೆ, ಜನ್ಮದಲ್ಲಿ ತೊಡದ ನೈಟಿಯ ಗುಂಡಿಗಳನ್ನು ದಾಟಿ ಎದೆಗುಳಿಯಲ್ಲಿ ತಡಕಾಡಿ, ಅಲ್ಲೇನೂ ಇಲ್ಲವೆಂದು ತಿಳಿದು, ಮತ್ತೆ ಮೊದಲಿನಿಂದ ಹುಡುಕತೊಡಗಿದೆ. ಮಣಿಕಟ್ಟಿನ ಸುತ್ತ ಕೆಂಪು ಗೆರೆ. ತಡೀರಿ ಅಕ್ಕ, ಹರಿಹರ ಬಂತು, ಇನ್ನೇನು ಬಂತು — ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ ಹಾಲಮ್ಮ, ಒಡಹುಟ್ಟಿದವರೊಡನೆ ಯಾರು ಇಷ್ಟು ಜಗಳವಾಡುತ್ತಾರೆ, ಯಾರಿಗೆ ಅಷ್ಟು ಪುರುಸೊತ್ತು. ಹಂಪ್ ಐತ್ರಿ ಅಮ್ಮಾರೆ, ಅಜ್ಜಿನ್ನ ಗಟ್ಟಿ ಹಿಡ್ಕೊಳ್ರಿ, ಎಂದ ವ್ಯಾನು ನಡೆಸುತ್ತಿದ್ದ ಶಬ್ಬೀರ್, ವ್ಯಾನು ಕುಲುಕಿತು, ಕಸ್ತೂರಮ್ಮನ ಸೆರಗಿನೊಳಗೆ ಎರಡು ಬೆಳ್ಳಿಯ ಕರಡಿಗೆಗಳು ಒಂದಕ್ಕೊಂದು ತಾಗಿ ಟಕ್ಕೆಂದವು, ಒಂದರೊಳಗೆ ಅವಳ ಇಷ್ಟಲಿಂಗ, ಇನ್ನೊಂದರೊಳಗೆ ಅಕ್ಕನದು. ಲಕ್ವ ಹೊಡೆದ ದಿನ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ, ಮೈಮೇಲೆ ಬೆಳ್ಳಿ ಬಂಗಾರ ಇರಬಾರದ್ರಿ, ಎಂದು ಅಕ್ಕನ ಶಿವದಾರವನ್ನೇ ಕತ್ತರಿಸಿ ಕಸ್ತೂರಮ್ಮನ ಕೈಗಿಟ್ಟಿದ್ದರು, ಎಲ್ಲಿಡುವುದು, ಚೀಲದೊಳಗೆ ಹಾಕಿಕೊಳ್ಳುವ ವಸ್ತುವೇ ಅದು, ಕತ್ತರಿಸಿದ ದಾರಕ್ಕೆ ಗಂಟು ಬಿಗಿದು ತನ್ನ ಕೊರಳಿಗೇ ಕಟ್ಟಿಕೊಂಡಳು, ಒಬ್ಬರ ಲಿಂಗ ಇನ್ನೊಬ್ಬರ ಮೈಮೇಲೆ ಇರಬಾರದೆಂದು ಅಯ್ನೋರು ಬೈದಾರು, ಬೈಯಲಿ, ದಿನವೂ ಸ್ನಾನ ಮಾಡಿ ಎಡ ಅಂಗೈಯಲ್ಲಿ ಮೊದಲು ತನ್ನದನ್ನು, ಆಮೇಲೆ ಅಕ್ಕನದನ್ನು ಇಟ್ಟು ಪೂಜಿಸಿ, ಆನಂತರವೇ ಬಾಯಿಗೆ ನೀರು, ಅಕ್ಕನ ಪಾಲಿನ ಹಸಿವೆಯೂ ತನ್ನದೇ ಆಗಿತ್ತು.

ಆ ಗಂಟನ್ನು ಕಲಿಸಿದವಳೂ ಅಕ್ಕನೇ. ತವರೂರು ಕೊಂಡಜ್ಜಿಯಿಂದ ಮದುವೆಯಾಗಿ ಬಂದ ಹೊಸದು, ನೂಲು ಹೊಸೆದು ಎಷ್ಟು ಬಿಗಿದರೂ ಸಡಿಲ, ಏ ಕಸ್ತೂರಿ, ದಾರಕ್ಕೇ ಗಂಟು ಹಾಕಾಕ ಬರಲ್ಲ, ಗಂಡನ್ನ ಹೆಂಗೆ ಕಟ್ಟಿ ಹಾಕ್ತೀಯೇ — ನಡುಮನೆಯ ಹೆಂಗಸರೆಲ್ಲ ನಕ್ಕಿದ್ದರು, ಕಿವಿ ಕೆಂಪಗಾದದ್ದು ಈಗಲೂ ಬಿಸಿ. ಆಮೇಲೆ ಒಲೆ ಬೇರೆಯಾಯಿತು, ಮನೆಯ ನಡುವೆ ಗೋಡೆ ಎದ್ದಿತು, ವರ್ಷಗಟ್ಟಲೆ ಮಾತಿಲ್ಲ, ಆದರೂ ಶಿವರಾತ್ರಿ ಬಂದರೆ ಹಿತ್ತಿಲ ಗೋಡೆಯ ಮೇಲಿಂದ ಹೊಸ ಶಿವದಾರ ಇಳಿಯುತ್ತಿತ್ತು, ತಗಳೇ, ನಿನ್ನ ಗಂಟು ನಂಬಿದ್ರೆ ದೇವ್ರು ಬಚ್ಚಲಿಗೆ ಬೀಳ್ತಾನೆ. ಕಸ್ತೂರಮ್ಮನ ಗಂಡ ತೀರಿಕೊಂಡಾಗ ಅಕ್ಕ ಗೋಡೆ ಸುತ್ತಿಕೊಂಡು ಬರಲಿಲ್ಲ, ಗಾರೆಯವನನ್ನು ಕರೆಸಿ ಗೋಡೆ ಒಡೆಸಿ ಬಂದಳು, ಬಂದವಳು ಅಳಲೂ ಇಲ್ಲ, ಗಂಜಿ ಕುಡಿ ಎಂದಳು. ಅಂಥವಳ ಕೈಯನ್ನು ಮಂಚದ ಸರಳಿಗೆ ಕಟ್ಟಿದ್ದರು — ಆಸ್ಪತ್ರೆ ಬಿಟ್ಟ ಮೇಲೆ ಮಗ ಸೇರಿಸಿದ್ದ ಊರಾಚೆಯ ಆರೈಕೆ ಕೇಂದ್ರದಲ್ಲಿ, ಬ್ಯಾಂಡೇಜಿನ ಪಟ್ಟಿಯಿಂದ, ಅಜ್ಜಿ ಒಂದೇ ಸಮ ಎದೆ ಪರಚ್ಕೊಂತಾರ್ರಿ, ರಕ್ತ ಬರಂಗೆ, ಅದಕ್ಕೇ ಕಟ್ಟೀವಿ, ಎಂದಳು ನರ್ಸು. ಪರಚ್ಕೊಳ್ಳೋದಲ್ಲ ತಾಯಿ, ಲಿಂಗ ಹುಡುಕ್ತಾರೆ, ನನ್ನ ಕೊರಳಾಗೈತೆ, ಈಗಲೇ ಕಟ್ತೀನಿ, ಎಂದಳು ಕಸ್ತೂರಮ್ಮ. ಇಲ್ಲಿ ಯಾರ ಕೊರಳಾಗೂ ದಾರ ಬಿಡಂಗಿಲ್ರಿ, ಉರುಳಾದ್ರೆ ಯಾರು ಹೊಣೆ. ಅಕ್ಕನ ಮಗ ಬಕ್ಕೇಶ್ ತಲೆ ತಗ್ಗಿಸಿ ನಿಂತಿದ್ದ, ಕೆಟ್ಟವನಲ್ಲ, ನಿಟ್ಟುವಳ್ಳಿಯಲ್ಲಿ ಮಹಡಿಯ ಮೇಲಿನ ಬಾಡಿಗೆ ಮನೆ, ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಹೋಗುವವರು, ಅವನೇನು ಮಾಡಿಯಾನು, ಚಿಗವ್ವ, ನಿಮಗೂ ವಯಸ್ಸಾತು, ಅವ್ವನ್ನ ನೀವು ಎತ್ತೋದೋ, ನಿಮ್ಮನ್ನ ನಾವು ಎತ್ತೋದೋ. ನಾನು ಎತ್ತುತೀನಿ, ಹರಿಹರದ ಮನೆಗೇ ಕರ್ಕೊಂಡು ಹೋಗ್ತೀನಿ, ಲಿಂಗ ಕಟ್ಟಿದ ಗಳಿಗೆ ಆ ಕೈ ಸುಮ್ಕಾಗ್ತೈತೆ, ನೋಡ್ತಿರು. ಅವನು ತಾಯಿಯ ಕೈಯನ್ನು ನೋಡಿದ, ಆತ್ರಿ ಚಿಗವ್ವ, ಸುಮ್ಕಾದ್ರೆ ಅಲ್ಲೇ ಇರ್ಲಿ, ಇಲ್ಲಾಂದ್ರೆ ಇವತ್ತೇ ವಾಪಸ್, ಮೈ ಹರ್ಕೊಳ್ಳೋದನ್ನ ನನ್ನ ಕೈಲಿ ನೋಡಾಕಾಗಲ್ಲ, ಎಂದು ಕಣ್ಣೊರೆಸಿಕೊಂಡು, ಔಷಧಿ ತರ್ತೀನಿ, ನೀವು ಮುಂದೆ ನಡೀರಿ, ಎಂದ.

ಹೊಳೆಯ ಕಡೆಯ ಗಾಳಿ, ಪಾಚಿಯ ವಾಸನೆ, ಇಗೋ ಮನೆ. ಶಬ್ಬೀರನೂ ಪಕ್ಕದ ಮನೆಯ ಗುತ್ತೆಪ್ಪನೂ ಎತ್ತಿ ತಂದು, ಒಡೆದ ಗೋಡೆಯ ಎದುರಿಗೇ ಹಾಕಿದ ಮಂಚದ ಮೇಲೆ ಮಲಗಿಸಿದರು, ಹೂವಿನಂಗೆ ಅದಾರ್ರಿ, ತೂಕಾನೇ ಇಲ್ಲ, ಎಂದ ಗುತ್ತೆಪ್ಪ, ಮೊದಲು ಹೀಗೆ ಅಂದಿದ್ದರೆ ಅಕ್ಕ ಅವನಿಗೆ ಮಂಗಳಾರತಿ ಎತ್ತುತ್ತಿದ್ದಳು. ಅವರು ಹೋದರು. ಕಸ್ತೂರಮ್ಮ ಕೈಕಾಲು ತೊಳೆದು, ಅಕ್ಕನ ಹಣೆಗೆ ವಿಭೂತಿ ಎಳೆದು, ತಾನೇ ಹೊಸೆದ ಹೊಸ ದಾರಕ್ಕೆ ಕರಡಿಗೆಯನ್ನು ಕಟ್ಟಿ, ಬಿಗಿದು, ಎಳೆದು ನೋಡಿ, ನೋಡ್ರಿ ಅಕ್ಕ, ಈ ಗಂಟು ಬಿಚ್ಚಲ್ಲ, ಬೇಕಾದ್ರೆ ಬೈರಿ, ಒಂದು ಸಲ ಬೈರಿ — ಕೊರಳಿಗೆ ಹಾಕಿದಳು. ತನ್ನ ಎದೆ ಒಮ್ಮೆಲೇ ಹಗುರವಾಯಿತು, ಹಗುರವಾದದ್ದು ಹಿತವೆನಿಸಲಿಲ್ಲ. ಎಡಗೈ ಎದ್ದಿತು. ಬಂದಿತು. ಬೆರಳು ಬೆಳ್ಳಿಯನ್ನು ಮುಟ್ಟಿ ನಿಂತಿತು, ನಿಂತೇ ಇತ್ತು, ಸಿಕ್ಕಿತಲ್ಲವೇ ಅಕ್ಕ, ಕಸ್ತೂರಮ್ಮನ ಕಣ್ಣು ತುಂಬಿ ಬಂದು ಎಲ್ಲವೂ ಮಸುಕು, ಆ ಮಸುಕಿನಲ್ಲೇ ಕಂಡಳು, ದಾರಿಯ ಕಲ್ಲನ್ನು ಸರಿಸುವ ಹಾಗೆ ಬೆರಳು ಕರಡಿಗೆಯನ್ನು ಪಕ್ಕಕ್ಕೆ ಸರಿಸಿತು, ಸರಿಸಿ ಅದರ ಕೆಳಗಿನ ಬರಿ ಎದೆಗುಳಿಯಲ್ಲಿ ಮತ್ತೆ ತಡಕತೊಡಗಿತು. ಅದಲ್ಲವೇ, ಅದಲ್ಲದಿದ್ದರೆ ಮತ್ತೇನು, ಏನು ಹುಡುಕ್ತೀಯೇ ಅಕ್ಕ — ಇಷ್ಟು ವರ್ಷದಲ್ಲಿ ಮೊದಲ ಸಲ ನಾಲಿಗೆ ಏಕವಚನಕ್ಕೆ ಜಾರಿತ್ತು — ಹೇಳೇ, ಏನು ಕಳೆದೈತೆ, ನಾನು ತಂದು ಕೊಡ್ತೀನಿ. ಹೊರಗೆ ಬೈಕು ನಿಂತಿತು, ಚಪ್ಪಲಿ ಬಿಡುವ ಸದ್ದು, ಚಿಗವ್ವ, ಕೈ ಸುಮ್ಕಾತೇನ್ರಿ, ಬಕ್ಕೇಶನ ದನಿಯಲ್ಲಿ ಎಷ್ಟು ಆಸೆ, ಆತಪ್ಪ, ಆತು, ಬಾ, ಎಂದಿತು ಅವಳ ಬಾಯಿ, ಕೈ ತಾನಾಗಿಯೇ ಮುಂದೆ ಹೋಗಿ ಅಕ್ಕನ ಮಣಿಕಟ್ಟನ್ನು ಹಿಡಿದು ಹಾಸಿಗೆಗೆ ಒತ್ತಿತು, ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ, ಅವನು ಬಂದು ನೋಡಿ ಹೋಗುವ ತನಕ ಮಾತ್ರ, ಅಷ್ಟೇ, ಆಮೇಲೆ ಬಿಡುತ್ತೇನೆ — ಆಗ ಕಂಡಿತು, ತನ್ನ ಬೆರಳುಗಳು ಬಿದ್ದದ್ದು ಪಟ್ಟಿ ಮೂಡಿಸಿದ ಆ ಕೆಂಪು ಗೆರೆಯ ಮೇಲೆಯೇ, ಅಳೆದು ಇಟ್ಟ ಹಾಗೆ, ಎಲ್ಲೂ ಒಂದೆಳೆ ಹೊರಗೆ ಉಳಿಯದಂತೆ, ಅವುಗಳ ಕೆಳಗೆ ಅಕ್ಕನ ಕೈ ಎದೆಯ ಕಡೆಗೆ ಎಳೆಯುತ್ತಿತ್ತು, ಎಳೆಯುತ್ತಲೇ ಇತ್ತು, ಆ ಕೈ, ಆ ಗೆರೆ, ಆ ಕೈ —