ಕೇಳಿ ಪಡೆದ ಕಡಿಮೆ ಸಂಬಳ

ವೀಸಾ ಕಚೇರಿಯಿಂದ ಬಂದ ಕಾಗದವನ್ನು ಅಂಗಡಿಯಮ್ಮ ಎರಡು ಸಲ ಓದಿ ಹೇಳಿದರು. ನನ್ನ ವೀಸಾ ಮುಂದುವರಿಸುವುದಿಲ್ಲವಂತೆ. ಅಂಗಡಿ ನನಗೆ ಕೊಡುವುದಾಗಿ ಬರೆದ ಸಂಬಳ, ಹೊರದೇಶದ ಕೆಲಸಗಾರರಿಗೆ ಸರ್ಕಾರ ಈಗ ಗೊತ್ತುಮಾಡಿದ್ದಕ್ಕಿಂತ ಕಡಿಮೆಯಂತೆ. ಎರಡು ವಾರದಲ್ಲಿ ಅಂಗಡಿಯಿಂದ ಹೊಸ ಸಂಬಳದ ಪತ್ರ ಕೊಡದಿದ್ದರೆ ನಾನೂ ಮಗಳೂ ಈ ದೇಶ ಬಿಡಬೇಕು.

ನನಗೆ ತಲೆಬುಡ ತಿಳಿಯಲಿಲ್ಲ. ಕೆಲಸ ಸರಿಯಿಲ್ಲ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಈ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಆರು ವರ್ಷದಿಂದ ರಫೂ ಮಾಡುತ್ತಿದ್ದೇನೆ. ಕಿಡಿ ಬಿದ್ದ ಕೋಟು, ಹುಳ ತಿಂದ ಶಾಲು, ಯಾವುದೇ ಬರಲಿ, ಅದರ ಒಳಮಡಿಕೆಯಿಂದಲೇ ಎಳೆ ತೆಗೆದು ತೂತು ಮುಚ್ಚುತ್ತೇನೆ. ಎಲ್ಲಿ ಹರಿದಿತ್ತೆಂದು ಕೊಟ್ಟವರೇ ಹುಡುಕಬೇಕು.

"ಸಂಬಳ ಕಡಿಮೆ ಅಂತ ನಾನು ಯಾರ ಹತ್ರಾನೂ ದೂರು ಹೇಳಿಲ್ವಲ್ಲ ಮೇಡಂ" ಎಂದೆ.

ಒಳಗಿನಿಂದ ಇಸ್ತ್ರಿಯಣ್ಣ ನಕ್ಕ. "ನಾನು ಹತ್ತು ವರ್ಷದಿಂದ ಬಾಯಿ ಬಡ್ಕೊಳ್ತಿದ್ದೀನಿ, ಒಂದು ನರಪಿಳ್ಳೆನೂ ಕೇಳಿಲ್ಲ. ನೀನು ಬಾಯಿ ಬಿಡದೇನೇ ಸರ್ಕಾರ ಕೇಳ್ತಲ್ಲ ತಾಯಿ."

"ನೀನು ಸುಮ್ನಿರಪ್ಪ" ಎಂದು ಅವನನ್ನು ಗದರಿ, ಅಂಗಡಿಯಮ್ಮ ನನ್ನ ಕಡೆ ತಿರುಗಿದರು. "ಮೂರು ವರ್ಷದ ಹಿಂದೆ ಸಂಬಳ ಜಾಸ್ತಿ ಮಾಡ್ತೀನಿ ಅಂದಾಗ ನೀನೇನಂದೆ?"

ನೆನಪಿತ್ತು. ಗಂಡ ತೀರಿಕೊಂಡ ವರ್ಷ ಅದು. ಮಗಳಿಗೆ ಏಳು. ಸಂಬಳ ಇಷ್ಟೇ ಇರಲಿ, ಮೂರೂವರೆಗೆ ಬಿಟ್ಟುಬಿಡಿ, ಮಗಳನ್ನು ಶಾಲೆಯಿಂದ ಕರೆತರಬೇಕು ಎಂದಿದ್ದೆ. ದೊಡ್ಡ ಜಾಣತನ ಮಾಡಿದೆನೆಂದೂ ಅಂದುಕೊಂಡಿದ್ದೆ. ಆದರೆ ಕಚೇರಿಯವರು ಗಂಟೆ ನೋಡುವುದಿಲ್ಲ, ತಿಂಗಳಿಗೆ ಎಷ್ಟೆಂದು ಮಾತ್ರ ನೋಡುತ್ತಾರೆ.

"ಆರು ಗಂಟೆ ತನಕ ಕೂತ್ಕೋ. ಅವರು ಹೇಳಿದಷ್ಟು ಬರ್ಕೊಡ್ತೀನಿ, ಕೊಡ್ತೀನಿ ಕೂಡ. ಮೂರೂವರೆಗೆ ಏಳೋಳಿಗೆ ಅಷ್ಟು ಕೊಡೋಕೆ ನನ್ ಕೈಲಾಗಲ್ಲ ಕಣೇ. ಸುಳ್ಳು ಬರೆಯೋಕೂ ಆಗಲ್ಲ. ಯೋಚ್ನೆ ಮಾಡಿ ನಾಳೆ ಹೇಳು."

ಅವರ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಆ ಸಂಜೆಯೂ ಶಾಲೆಯ ಗೇಟಿನಲ್ಲಿ ಮಗಳು ಕಾಯುತ್ತಿದ್ದಳು. ಬಸ್ಸಿದ್ದರೂ ನಾವು ನಡೆದೇ ಮನೆಗೆ ಹೋಗುವುದು. ಅವಳ ಮಾತಿಗೆ ಬಸ್ಸು ಸಾಲದು. ಅರ್ಧ ದಾರಿ ಅವಳ ಲೆಕ್ಕದ ಟೀಚರ ಕಥೆ ಕೇಳಿದ ಮೇಲೆ, ಹೇಗೋ ಧೈರ್ಯ ಮಾಡಿದೆ.

"ಇನ್ಮೇಲೆ ನಾನು ಕರ್ಕೊಂಡ್ ಹೋಗೋಕೆ ಬರದಿದ್ರೆ ಏನ್ ಮಾಡ್ತೀಯ ಪುಟ್ಟಿ?"

"ನಾನೇ ಬರ್ತೀನಿ. ದಾರಿ ಗೊತ್ತಲ್ಲ."

"ಭಯ ಆಗಲ್ವಾ?"

"ನಮ್ ಕ್ಲಾಸಲ್ಲಿ ಎಲ್ರೂ ಅವರವರೇ ಹೋಗ್ತಾರಮ್ಮ. ಹೋದ ವರ್ಷವೇ ಕೇಳೋಣ ಅಂತಿದ್ದೆ."

"ಮತ್ಯಾಕೆ ಕೇಳ್ಲಿಲ್ಲ?"

ಅವಳು ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು. "ನಿಂಗೆ ಬೇಜಾರಾಗುತ್ತೆ ಅಂತ. ನೀನು ಅಷ್ಟು ದೂರದಿಂದ್ಲೇ ನಗ್ತಾ ಬರ್ತೀಯಲ್ಲ."

ನಿರಾಳವಾಗಬೇಕಿತ್ತು. ದೇಶ ಬಿಡುವುದು ತಪ್ಪಿತು, ಮಗಳು ಅಳಲೂ ಇಲ್ಲ. ಆದರೂ ಯಾರೋ ನನ್ನ ಕೈಯಿಂದ ಏನನ್ನೋ ಮೆಲ್ಲಗೆ ತೆಗೆದುಕೊಂಡಂತಾಯಿತು. ಒಂದು ವರ್ಷದಿಂದ ನಾನು ಅವಳನ್ನು ಕರೆತರುತ್ತಿದ್ದೆನೋ, ಅವಳು ನನ್ನನ್ನು ಕರೆತರುತ್ತಿದ್ದಳೋ? ಆ ಹೊತ್ತನ್ನು ನಾನು ಯಾರಿಗಾಗಿ ಕೇಳಿಕೊಂಡಿದ್ದೆ? ದಾರಿಯಲ್ಲಿ ಅವಳು ಲೆಕ್ಕದ ಟೀಚರ ಕಥೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದಳು. ನಾನು ಹೂಂಗುಟ್ಟುತ್ತ ಬಂದೆ. ಒಂದು ಮಾತೂ ತಲೆಗೆ ಹೋಗಲಿಲ್ಲ.

ಮರುದಿನ ಅಂಗಡಿಯಮ್ಮ ಬೀಗ ತೆಗೆಯುವಾಗಲೇ ಹೋಗಿ ನಿಂತೆ.

"ಆರು ಗಂಟೆ ತನಕ ಅಂತ ಬರೀರಿ ಮೇಡಂ."

ಅವರು ನನ್ನ ಮುಖ ನೋಡಿದರು. "ಯೋಚ್ನೆ ಮಾಡಿದ್ಯಾ? ಮಗು ಏನಂತು?"

"ಅವಳಿಗೇನೂ ಆಗಲ್ವಂತೆ."

"ನಿಂಗೆ?"

"ಗೊತ್ತಿಲ್ಲ ಮೇಡಂ" ಎಂದೆ. "ನೀವು ಬರೀರಿ."