ಹುತ್ತದ ಹುಲಿಯ ಮೇಲೆ ಹೊರಿಸಿದ ದೂರು

ಡೀನಾ ಫಿಲಾಂಡರಳ ಮಂದೆಯಲ್ಲಿ ಒಂದೇ ತಿಂಗಳಲ್ಲಿ ಒಂಬತ್ತು ಕುರಿಮರಿ ಸತ್ತವು. ಒಂಬತ್ತನೆಯದು ಸತ್ತ ಬೆಳಿಗ್ಗೆ ಅವಳು ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಸತ್ತ ಮರಿಯನ್ನು ಜೋಳದ ಹಿಟ್ಟಿನ ಖಾಲಿ ಚೀಲಕ್ಕೆ ತುಂಬಿದಳು. ತಲೆಗೆ ಬಟ್ಟೆ ಬಿಗಿದು ಕಟ್ಟಿದಳು. ಕಾಡುಬೆಕ್ಕುಗಳನ್ನು ಆರೈಕೆ ಮಾಡುವ ಕೇಂದ್ರಕ್ಕೆ ಹೋಗುತ್ತೇನೆ ಎಂದಳು.

ಅವಳ ಗಂಡ ಪೀಟ್ರಸ್ ಒಲೆಯ ಮುಂದೆ ಕೂತು ಕಾಫಿ ಕುಡಿಯುತ್ತಿದ್ದ. ಮರಿಯನ್ನು ಇಲ್ಲೇ ಬಿಟ್ಟು ಹೋಗು, ವಿಷ ಸವರುವುದಕ್ಕೆ ಬೇಕು ಎಂದ.

"ವಿಷ ಇಡೋದು ಶನಿವಾರ. ಇವತ್ತಿನ್ನೂ ಬುಧವಾರ" ಎಂದಳು ಡೀನಾ. "ಇದನ್ನ ಅವರ ಮೇಜಿನ ಮೇಲೆ ಬಿಸಾಕಿ ಬರ್ತೀನಿ. ಸಾಕಿದೋರು ಕಣ್ಣಾರೆ ನೋಡ್ಲಿ, ಅವರ ಮುದ್ದು ಬೆಕ್ಕು ಏನು ಮಾಡಿದೆ ಅಂತ."

ಪೀಟ್ರಸ್ ಕಾಫಿ ಲೋಟ ಮತ್ತೆ ಎತ್ತಿಕೊಂಡ. ಹೆಂಡತಿ ತಲೆಗೆ ಬಟ್ಟೆ ಬಿಗಿದ ಮೇಲೆ ಮಾತಾಡಿ ಪ್ರಯೋಜನವಿಲ್ಲ ಎಂದು ಇಪ್ಪತ್ತೆರಡು ವರ್ಷದ ಸಂಸಾರ ಅವನಿಗೆ ಕಲಿಸಿತ್ತು.

ಡೋರ್ನ್‌ಕೈಲ್ ಊರಿನವರಿಗೆಲ್ಲ ಒಂದು ವಿಷಯ ಗೊತ್ತು, ಅಥವಾ ಗೊತ್ತು ಎಂದುಕೊಂಡಿದ್ದಾರೆ. ಬಯಲಿನ ಟೊಳ್ಳು ಹುತ್ತಗಳಲ್ಲಿ ಒಂದು ಸಣ್ಣ ಬೆಕ್ಕು ವಾಸಿಸುತ್ತದೆ. ಪಾದ ಕಪ್ಪು, ಮೈಯೆಲ್ಲ ಚುಕ್ಕೆ. ಊರಲ್ಲಿ ಅದಕ್ಕೆ ಹುತ್ತದ ಹುಲಿ ಎಂದೇ ಹೆಸರು. ಅದು ಕುರಿಯ ಕುತ್ತಿಗೆಗೆ ಬಾಯಿ ಹಾಕಿದರೆ ಕುರಿ ಬೀಳುವ ತನಕ ನೇತಾಡುತ್ತದಂತೆ. ಅಜ್ಜಿ ಹೇಳಿದ್ದನ್ನು ಎಲ್ಲರೂ ಕೇಳಿದ್ದಾರೆ. ಕಂಡವರು ಮಾತ್ರ ಒಬ್ಬರೂ ಇಲ್ಲ. ಮರಿ ಸತ್ತರೆ ಅದನ್ನು ಯಾರೂ ಸುಲಿಯುವುದಿಲ್ಲ. ಮೃಗ ಬಾಯಿ ಹಾಕಿದ್ದಕ್ಕೆ ಚಾಕು ಹಾಕಿದರೆ ಮನೆಗೆ ಒಳ್ಳೆಯದಲ್ಲ ಎಂಬ ನಂಬಿಕೆ. ಕಾಲು ಹಿಡಿದು ಹತ್ತಿರದ ಹುತ್ತದ ತನಕ ಎಳೆದುಕೊಂಡು ಹೋಗುತ್ತಾರೆ, ವಿಷ ಸವರುತ್ತಾರೆ, ಹುತ್ತದ ಬಾಯಿಗೆ ಕಲ್ಲು ಜಡಿಯುತ್ತಾರೆ. ಅಲ್ಲಿಗೆ ವಿಚಾರಣೆಯೂ ಮುಗಿಯಿತು, ಶಿಕ್ಷೆಯೂ ಮುಗಿಯಿತು.

ಈ ಸಲ ಗೋಮಾಳ ಸಮಿತಿಯ ಅಧ್ಯಕ್ಷ ಆಂಡ್ರೀಸ್ ಯಾಫ್ತಾ ಒಂದೆರಡು ಹುತ್ತಕ್ಕಲ್ಲ, ಇಡೀ ಗೋಮಾಳದ ಸುತ್ತ ವಿಷ ಇಡೋಣ ಎಂದಿದ್ದ. ಶನಿವಾರ ಸಭೆ. ಡೀನಾಳಿಗೆ ಅದು ಸರಿ ಎನಿಸಿತ್ತು. ಇಪ್ಪತ್ತಕ್ಕಿಂತ ಕಡಿಮೆ ಕುರಿ ಇರುವವರಿಗೆ ಗೋಮಾಳದಲ್ಲಿ ಜಾಗವಿಲ್ಲ. ಅವಳ ಬಳಿ ದೊಡ್ಡವು ಚಿಕ್ಕವು ಸೇರಿ ಉಳಿದದ್ದು ಇಪ್ಪತ್ತಮೂರು. ಇನ್ನು ನಾಲ್ಕು ಸತ್ತರೆ ಅಪ್ಪನ ಕಾಲದಿಂದ ಬಂದ ಜಾಗ ಬಿಟ್ಟು, ಊರವರ ಬಟ್ಟೆ ಒಗೆದು ಬದುಕಬೇಕು.

ಉಣ್ಣೆ ಸಾಗಿಸುವ ಲಾರಿ ಅವಳನ್ನು ಕೇಂದ್ರದ ಗೇಟಿನ ಮುಂದೆ ಇಳಿಸಿತು. ಒಳಗೆ ಸಾಲಾಗಿ ತಂತಿ ಬಲೆಯ ಆವರಣಗಳು. ಅಲ್ಲಿ ಕೆಲಸ ಮಾಡುವ ಮರ್ಲೀನ್ ಡೀನಾಳ ಪಕ್ಕದ ಮನೆಯಲ್ಲೇ ಬೆಳೆದವಳು. ಆಂಟಿ ಎನ್ನುತ್ತಾ ಓಡಿ ಬಂದ ಅವಳ ಮುಂದೆ ಡೀನಾ ಚೀಲವನ್ನು ಮೇಜಿನ ಮೇಲೆ ಸುರಿದಳು.

"ನಿನ್ನ ಹುತ್ತದ ಹುಲಿ ಕೆಲಸ. ನೋಡ್ಕೋ. ಶನಿವಾರ ಆದ್ಮೇಲೆ ಒಂದೂ ಉಳಿಯಲ್ಲ, ಅದನ್ನ ಹೇಳೋಕೇ ಬಂದೆ."

ಮರ್ಲೀನ್ ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮೊದಲು ಚಹಾ ಕುಡಿಯಿರಿ ಎಂದಳು. ಚಹಾ ಮುಗಿದ ಮೇಲೆ, ಆರೋಪಿಯ ಮುಖವನ್ನಾದರೂ ನೋಡಿ ಹೋಗಿ ಎಂದು ಕೊನೆಯ ಆವರಣಕ್ಕೆ ಕರೆದುಕೊಂಡು ಹೋದಳು.

ಒಳಗೊಂದು ಮಣ್ಣಿನ ಗುಡ್ಡೆ, ಅದಕ್ಕೊಂದು ತೂತು. ಮರ್ಲೀನ್ ಒಂದು ಸತ್ತ ಇಲಿ ಎಸೆದಳು. ತೂತಿನಿಂದ ಬೆಕ್ಕು ಹೊರಬಂತು. ಡೀನಾ ಅದರ ಹಿಂದೆ ಇನ್ನೊಂದು ದೊಡ್ಡದು ಬರಬಹುದು ಎಂದು ಕಾದಳು. ಬರಲಿಲ್ಲ.

"ಇದಾ?"

"ಇದೇ, ಆಂಟಿ. ಇಷ್ಟೇ. ನಿಮ್ಮ ಮನೆ ಬೆಕ್ಕಿನ ಅರ್ಧ ಇಲ್ಲ. ಒಂದು ರಾತ್ರಿಗೆ ಹತ್ತು ಹನ್ನೆರಡು ಇಲಿ ತಿನ್ನುತ್ತೆ. ಮಂದೆ ಮೇಯೋ ಹುಲ್ಲಿನ ಬೀಜ ತಿನ್ನೋ ಇಲಿಗಳು."

ಬೆಕ್ಕು ಇಲಿಯನ್ನು ಮುಟ್ಟಲಿಲ್ಲ. ಕಿವಿ ಚಪ್ಪಟೆ ಮಾಡಿ ನೇರವಾಗಿ ಡೀನಾಳ ಕಡೆ ಬಂತು. ಬಲೆಯಿಂದ ಒಂದು ಗೇಣು ದೂರ ನಿಂತು, ಹಲ್ಲೆಲ್ಲ ತೋರಿಸಿ ಬುಸ್ ಎಂದಿತು. ಡೀನಾ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ತಿಂಗಳಲ್ಲಿ ಮೊದಲ ಸಲ ನಕ್ಕಳು. ಬೊಗಸೆಯಲ್ಲಿ ಹಿಡಿಯುವಷ್ಟಿರುವ ಈ ಜೀವಕ್ಕೆ ಎಷ್ಟು ಪೊಗರು. ಅವಳಿಗೆ ಅದು ಹಿಡಿಸಿತು, ಹಿಡಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಅದರ ಮುಂಗಾಲಿನ ಉಗುರುಗಳು ಕಿತ್ತುಹೋಗಿದ್ದವು. ಏನಾಯಿತು ಎಂದು ಕೇಳಿದಳು. ಮರ್ಲೀನ್, ಇದು ಡೋರ್ನ್‌ಕೈಲ್ ಗೋಮಾಳದ್ದೇ ಎಂದಳು. ಮೂರು ವಾರದ ಕೆಳಗೆ ನೀರೆತ್ತುವ ಗಾಳಿಯಂತ್ರದ ಪಕ್ಕದ ಹುತ್ತದ ಬಾಯಿಗೆ ಯಾರೋ ಕಲ್ಲು ಜಡಿದಿದ್ದರು. ಆಗ ಈ ತಾಯಿ ಬೇಟೆಗೆ ಹೋಗಿತ್ತು. ತಿರುಗಿ ಬಂದು ಕಲ್ಲನ್ನು ಕೆರೆದಿದೆ. ಕುರಿಗಾಹಿಯೊಬ್ಬ ಕಂಡು ಸುದ್ದಿ ಮುಟ್ಟಿಸಿದಾಗ ಕೆರೆಯುತ್ತಲೇ ಇತ್ತು. ಕಲ್ಲು ತೆಗೆದರೆ ಒಳಗೆ ಎರಡು ಮರಿ, ಎರಡೂ ಸತ್ತಿದ್ದವು.

ಗಾಳಿಯಂತ್ರದ ಪಕ್ಕದ ಹುತ್ತ.

"ಆ ಕಲ್ಲು ಇಟ್ಟೋಳು ನಾನೇ" ಎಂದಳು ಡೀನಾ.

ಮರ್ಲೀನ್ ಮೇಜಿನ ಕಡೆಗೆ ತಿರುಗಿದಳು. ಬನ್ನಿ ಆಂಟಿ, ನಿಮ್ಮ ಕುರಿಮರಿ ಕೊಂದವರು ಯಾರು ಅಂತ ನೋಡೋಣ ಎಂದು ಕೈಗವಸು ಹಾಕಿಕೊಂಡು ಚಾಕು ತೆಗೆದಳು. ಡೀನಾ ಬೇಡ ಎಂದಳು. ಸುಲಿದರೆ ಮನೆಗೆ ಒಳ್ಳೆಯದಲ್ಲ.

"ಸುಲೀದೇ ಒಂಬತ್ತು ಹೋಯ್ತಲ್ಲ ಆಂಟಿ. ಅದರಿಂದ ಏನು ಒಳ್ಳೇದಾಯ್ತು?"

ಡೀನಾ ಕೈ ಚಾಚಿದಳು. ಚಾಕು ಕೊಡು ಇಲ್ಲಿ ಎಂದಳು. ಉಣ್ಣೆ ಕತ್ತರಿಸುವವನ ಮಗಳು ಅವಳು. ಗವಸು ತೊಟ್ಟು, ಕಿವಿಯಿಂದ ಬಾಲದ ತನಕ ಒಂದು ತೂತೂ ಬೀಳದಂತೆ ಸುಲಿದಳು. ಚರ್ಮದ ಒಳಮೈ ತಿರುಗಿಸಿದಾಗ ಎಲ್ಲವೂ ಕಂಡಿತು. ಹೊರಗೆ ಉಣ್ಣೆ ಮುಚ್ಚಿಟ್ಟಿದ್ದ ಗಾಯಗಳು ತೊಡೆಯ ಮೇಲೆ, ಪಕ್ಕೆಯ ಮೇಲೆ, ಎಲ್ಲೆಂದರಲ್ಲಿ ಇದ್ದವು. ಮಾಂಸವನ್ನು ಯಾರೂ ತಿಂದಿರಲಿಲ್ಲ. ಕುತ್ತಿಗೆಯಲ್ಲಿ ಕೋರೆಹಲ್ಲಿನ ತೂತು ಮೂರು.

ಮರ್ಲೀನ್ ಕಪಾಟಿನಿಂದ ತಲೆಬುರುಡೆಗಳನ್ನು ತಂದಳು. ಹುತ್ತದ ಹುಲಿಯದು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಅದರ ಕೋರೆಗಳು ಆ ತೂತುಗಳ ಹತ್ತಿರವೂ ಬರಲಿಲ್ಲ. ಅದಕ್ಕಿಂತ ದೊಡ್ಡದಾದ ಕೆಂಪು ಕಾಡುಬೆಕ್ಕಿನದೂ ಸಾಲದು. ನರಿಯದೂ ಸಾಲದು. ಕೊನೆಗೆ ಒಂದು ನಾಯಿಯ ಬುರುಡೆ ಇಟ್ಟಾಗ ಮೇಲಿನ ಎರಡು ಕೋರೆ ಎರಡು ತೂತಿನಲ್ಲಿ ಸರಿಯಾಗಿ ಕೂತವು.

"ಕೆಂಪು ಕಾಡುಬೆಕ್ಕು ಮರಿ ಹಿಡಿಯಲ್ಲ ಅಂತ ನಾನು ಸುಳ್ಳು ಹೇಳಲ್ಲ" ಎಂದಳು ಮರ್ಲೀನ್. "ಹಿಡಿಯುತ್ತೆ. ನರೀನೂ ಹಿಡಿಯುತ್ತೆ. ಆದ್ರೆ ಅವು ಹಸಿವಿಗೆ ಹಿಡಿದು ತಿಂದು ಹೋಗ್ತಾವೆ. ಇದು ಆಟಕ್ಕೆ ಅಟ್ಟಾಡಿಸಿ ಕಚ್ಚಿರೋದು. ನಾಯಿ. ಯಾರ ನಾಯಿ ಅಂತ ಮಾತ್ರ ನಂಗೆ ಗೊತ್ತಿಲ್ಲ."

ಡೀನಾ ಕೆಳಗಿನ ಒಂಟಿ ತೂತಿನ ಮೇಲೆ ಬೆರಳಿಟ್ಟಳು. ಕೆಳದವಡೆಯ ಎಡಗೋರೆ ಮುರಿದ ನಾಯಿ ಊರಲ್ಲಿ ಒಂದೇ. ಮುಳ್ಳುಹಂದಿಯ ಬೇಟೆಯಲ್ಲಿ ಹಲ್ಲು ಮುರಿದುಕೊಂಡದ್ದು, ಅಧ್ಯಕ್ಷ ಆಂಡ್ರೀಸ್ ಯಾಫ್ತಾನ ಬೂದು ನಾಯಿ.

ಗೋಮಾಳದ ಸಭೆ ನಡೆಯುವುದು ಕುರಿಗಳನ್ನು ಔಷಧದ ನೀರಿನಲ್ಲಿ ಮೀಯಿಸುವ ತೊಟ್ಟಿಯ ಹತ್ತಿರ. ಅಲ್ಲಿ ಕೈ ಎತ್ತುವ ಪದ್ಧತಿಯಿಲ್ಲ. ಹೌದು ಎನ್ನುವವರು ತೊಟ್ಟಿಯ ಬಲಕ್ಕೆ ನಿಲ್ಲಬೇಕು, ಇಲ್ಲ ಎನ್ನುವವರು ಎಡಕ್ಕೆ. ಶನಿವಾರ ಆಂಡ್ರೀಸ್ ವಿಷದ ಮಾತು ಮುಗಿಸಿದ ಕೂಡಲೇ ಎಲ್ಲರೂ ಬಲಕ್ಕೆ ನಡೆದರು. ಪೀಟ್ರಸ್ ಕೂಡ, ಕೈಯಲ್ಲಿ ವಿಷದ ಡಬ್ಬಿ ಹಿಡಿದುಕೊಂಡು. ಡೀನಾ ಎಡಕ್ಕೆ ಹೋಗಿ ಒಬ್ಬಳೇ ನಿಂತಳು.

ಬೆಕ್ಕಿನ ಜನ ಚಹಾ ಕುಡಿಸಿ ಇವಳ ತಲೆ ತಿರುಗಿಸಿದ್ದಾರೆ ಎಂದ ಆಂಡ್ರೀಸ್. ಜನ ನಕ್ಕರು.

"ಚಹಾ ಕುಡಿದೆ, ಆಂಡ್ರೀಸಣ್ಣ. ಚೆನ್ನಾಗಿತ್ತು" ಎಂದಳು ಡೀನಾ. ಉಪ್ಪು ಸವರಿ ಒಣಗಿಸಿದ ಚರ್ಮವನ್ನು ಬೇಲಿಯ ಮೇಲೆ ಒಳಮೈ ಹೊರಗಾಗಿ ಹರಡಿದಳು. "ಈಗ ನಿಮ್ಮ ಬೂದು ನಾಯಿ ಕರ್ಕೊಂಡು ಬನ್ನಿ. ಎಲ್ಲರ ಮುಂದೆ ಬಾಯಿ ತೆಗೆಸಿ, ಅದರ ಹಲ್ಲು ಈ ತೂತಿಗೆ ಕೂರುತ್ತಾ ಅಂತ ನೋಡೋಣ."

ನಗು ನಿಂತಿತು. ಆಂಡ್ರೀಸನ ಮುಖ ಕೆಂಪಾಯಿತು. ಮೂರು ನಾಯಿಗಳನ್ನೂ ರಾತ್ರಿ ಕಟ್ಟುತ್ತೇನೆ ಎಂದ. ಕಟ್ಟಿದ್ದನ್ನು ಕಂಡವರು ಯಾರು ಎಂದು ಅವಳು ಕೇಳಿದಳು. ಕಂಡವರು ಯಾರೂ ಇರಲಿಲ್ಲ. ಆಗ ಆಂಡ್ರೀಸ್ ದನಿ ತಗ್ಗಿಸಿ, ಮಂದೆಗಳಿಗೆ ನೀರು ಕುಡಿಸುವ ತೊಟ್ಟಿಯ ಬೀಗದ ಕೈ ಯಾರ ಹತ್ತಿರ ಇದೆ ಎನ್ನುವುದು ನೆನಪಿರಲಿ ಎಂದ.

"ಬೀಗದ ಕೈ ನಿಮ್ಮ ಹತ್ರ ಇರಬಹುದು. ನನ್ನ ನಾಲಿಗೆ ನಂದು." ಡೀನಾ ಈಗ ಬಲಗಡೆ ನಿಂತವರ ಕಡೆ ತಿರುಗಿದಳು. "ಇನ್ನೊಂದು ಹೇಳ್ತೀನಿ, ಕೇಳಿ. ಗಾಳಿಯಂತ್ರದ ಹುತ್ತಕ್ಕೆ ಕಲ್ಲು ಜಡಿದೋಳು ನಾನು. ಒಳಗೆ ಎರಡು ಎಳೇ ಮರಿ ಇದ್ವು. ತಪ್ಪು ಮಾಡಿದೆ, ನಾಚಿಕೆ ಆಗ್ತಿದೆ. ನೀವು ಇವತ್ತು ಇಡೋ ವಿಷ ಬೆಕ್ಕು ತಿನ್ನುತ್ತೆ, ಹದ್ದು ತಿನ್ನುತ್ತೆ, ನಿಮ್ಮನಿಮ್ಮ ನಾಯಿ ತಿನ್ನುತ್ತೆ. ಮೂಳೆ ಎತ್ಕೊಂಡು ಆಡೋ ಮಕ್ಕಳ ಕೈಗೂ ಹತ್ತುತ್ತೆ. ನನ್ನ ಕುರಿ ಮಾತ್ರ ಸಾಯ್ತಾನೇ ಇರುತ್ತೆ. ಇಡೋದೇ ಆದ್ರೆ ನನ್ನ ದಾಟಿ ಹೋಗಿ ಇಡಿ."

ಯಾರೂ ಅಲುಗಲಿಲ್ಲ. ಆಮೇಲೆ ಪೀಟ್ರಸ್ ವಿಷದ ಡಬ್ಬಿಯನ್ನು ಆಂಡ್ರೀಸನ ಕಾಲ ಬಳಿ ಇಟ್ಟ. ತೊಟ್ಟಿಯನ್ನು ಸುತ್ತಿ ಬಂದು ಹೆಂಡತಿಯ ಪಕ್ಕದಲ್ಲಿ ನಿಂತ. ಅವನ ಹಿಂದೆ ಒಬ್ಬರು, ಇನ್ನಿಬ್ಬರು ಬಂದರು. ಕೊನೆಗೆ ಎಣಿಸಿದಾಗ ಎಡಕ್ಕೆ ಹದಿನಾಲ್ಕು ಜನ, ಬಲಕ್ಕೆ ಹನ್ನೊಂದು.

ಆಂಡ್ರೀಸ್ ತಪ್ಪು ಒಪ್ಪಲಿಲ್ಲ. ಅಂಥವರು ಒಪ್ಪುವುದಿಲ್ಲ. ಆದರೆ ಭಾನುವಾರ ಅವನ ಅಂಗಳದಲ್ಲಿ ಮೂರು ಗೂಟ ಎದ್ದವು, ಮೂರಕ್ಕೂ ಸರಪಳಿ ಬಿತ್ತು. ವಿಷದ ಡಬ್ಬಿಗಳನ್ನು ಪಶುವೈದ್ಯರ ಕಚೇರಿಗೆ ಒಪ್ಪಿಸಿದರು. ಡೀನಾ ಮತ್ತು ಪೀಟ್ರಸ್ ದೊಡ್ಡಿಯ ಮುಳ್ಳುಬೇಲಿಯನ್ನು ಎದೆಮಟ್ಟಕ್ಕೆ ಏರಿಸಿ, ಕತ್ತಲಾಗುವ ಮುಂಚೆ ಮಂದೆಯನ್ನು ಒಳಗೆ ಕೂಡಿಹಾಕುವ ರೂಢಿ ಮಾಡಿಕೊಂಡರು. ಆ ಚಳಿಗಾಲದಲ್ಲಿ ಅವಳ ಎರಡು ಮರಿ ಸತ್ತವು. ಎರಡನ್ನೂ ಸುಲಿದು ನೋಡಿದಳು. ಒಂದಕ್ಕೆ ನರಿಯ ಹಲ್ಲು. ಇನ್ನೊಂದರ ಮೈಮೇಲೆ ಗಾಯವೇ ಇರಲಿಲ್ಲ, ಚಳಿಗೆ ಸತ್ತಿತ್ತು. ಹಾಗಿದ್ದೂ ವಸಂತದ ಎಣಿಕೆಯ ಹೊತ್ತಿಗೆ ಹೊಸ ಮರಿಗಳು ಸೇರಿ ಅವಳ ಮಂದೆ ಮೂವತ್ತು ದಾಟಿತ್ತು. ಜಾಗ ಉಳಿಯಿತು.

ಇದನ್ನು ಓದುತ್ತಿರುವ ನೀವೂ ಕುರಿಯನ್ನೋ ಕೋಳಿಯನ್ನೋ ಸಾಕಿರಬಹುದು. ನಿಮ್ಮ ಕಡೆಯ ಕಾಡುಬೆಕ್ಕಿಗೆ ಬೇರೆ ಹೆಸರಿರಬಹುದು, ಅದರ ಮೇಲೂ ಅಜ್ಜಿಯ ಕಾಲದ ಒಂದು ದೂರು ಇದ್ದೇ ಇರುತ್ತದೆ. ಮರಿ ಸತ್ತರೆ ಕೈಗವಸು ತೊಟ್ಟು ಚರ್ಮ ಸುಲಿಯಿರಿ, ಇಲ್ಲವೇ ಪಶುವೈದ್ಯರನ್ನು ಕರೆಯಿರಿ. ಕೊಂದವರು ಯಾರು ಎನ್ನುವುದು ಒಳಗೆ ಬರೆದಿರುತ್ತದೆ. ರಾತ್ರಿ ಮಂದೆಯನ್ನು ಕೂಡಿಹಾಕಿ, ನಾಯಿಯನ್ನು ಕಟ್ಟಿ, ಹುತ್ತಕ್ಕೂ ಬಿಲಕ್ಕೂ ಕಲ್ಲು ಜಡಿಯಬೇಡಿ. ಯಾರಾದರೂ ವಿಷದ ಡಬ್ಬಿ ಹಿಡಿದು ಬಂದರೆ, ಅವರು ಎಷ್ಟು ದೊಡ್ಡವರೇ ಆಗಿರಲಿ, ಎದುರು ನಿಲ್ಲಿ. ಮೊದಲಿಗೆ ಒಬ್ಬರೇ ನಿಲ್ಲಬೇಕಾಗುತ್ತದೆ. ನಿಲ್ಲಿ.