ಬಲಗೈ ಮೇಷ್ಟ್ರ ತರಗತಿ

ತಂತಿಯಲ್ಲಿ ವಿದ್ಯುತ್ ಹರಿಯುವ ಕಡೆಗೆ ಬಲಗೈಯ ಹೆಬ್ಬೆರಳು ಚಾಚಿದರೆ, ಮಡಚಿದ ಬೆರಳುಗಳು ಕಾಂತಕ್ಷೇತ್ರದ ದಿಕ್ಕನ್ನು ಹೇಳುತ್ತವೆ. ಇದನ್ನು ಬಾಯಿಪಾಠ ಮಾಡಿಸದೆ ಕೈಯಲ್ಲೇ ಕಲಿಸುತ್ತಿದ್ದುದಕ್ಕೆ ಭೌತಶಾಸ್ತ್ರದ ಮೇಷ್ಟ್ರಿಗೆ ಬಲಗೈ ಮೇಷ್ಟ್ರು ಎಂದೇ ಹೆಸರು ಬಿದ್ದಿತ್ತು. ಅವರು ಪ್ರಶ್ನೆ ಕೇಳಿದರೆ ಸಾಕು, ಬೆಂಚು ಬೆಂಚಿನಲ್ಲೂ ಕೈಗಳು ಗಾಳಿಯಲ್ಲಿ ತಿರುಗುತ್ತಿದ್ದವು. ಯಾರ ಮಣಿಕಟ್ಟು ಎಲ್ಲಿ ತಡವರಿಸಿತೆಂದು ನೋಡಿಯೇ ತಪ್ಪು ಹಿಡಿಯುತ್ತಿದ್ದರು.

"ಸರ್, ಇದು ಪಾಠಾನೋ, ಹಿಟ್ಟು ನಾದೋ ಕೆಲಸಾನೋ?" ಎಂದು, ಎಲ್ಲರೂ ಚೂಟಿ ಎಂದೇ ಕರೆಯುತ್ತಿದ್ದ ಮುಂದಿನ ಬೆಂಚಿನ ಹುಡುಗಿ ಛೇಡಿಸುತ್ತಿದ್ದಳು. ಎಲ್ಲರಿಗಿಂತ ಮೊದಲು ತಿರುಗುತ್ತಿದ್ದುದೂ ಅವಳ ಕೈಯೇ.

ಪಾಠ ಆನ್‌ಲೈನ್ ಆದಮೇಲೆ ಪರದೆಯ ಚೌಕಗಳಲ್ಲಿ ಬರೀ ಹೆಸರುಗಳು ಉಳಿದವು. ಚೂಟಿ ಮಾತ್ರ ಕ್ಯಾಮೆರಾ ಹಾಕಿಕೊಂಡು ಕೈ ತಿರುಗಿಸುತ್ತಲೇ ಇದ್ದಳು.

ವರ್ಷದ ಕೊನೆಯ ಪರೀಕ್ಷೆಗೆ ಕಾವಲಿದ್ದದ್ದು ಒಂದು ತಂತ್ರಾಂಶ. ಕಣ್ಣು ಪರದೆ ಬಿಟ್ಟರೆ, ಕೈ ಮೇಲೆದ್ದರೆ, ಅದು ಗುರುತು ಹಾಕಿಕೊಳ್ಳುತ್ತಿತ್ತು. ಯಾರಿಗೋ ಸನ್ನೆ ಮಾಡಿದ್ದಾಳೆಂದು ಚೂಟಿಯ ಪರೀಕ್ಷೆ ರದ್ದಾಯಿತು.

ಮೇಷ್ಟ್ರು ಪರೀಕ್ಷಾ ವಿಭಾಗಕ್ಕೆ ಓಡಿದರು. ಅಲ್ಲಿನ ಮುಖ್ಯಸ್ಥೆ ವಿಡಿಯೊ ಹಾಕಿ ತೋರಿಸಿದರು. ಚೂಟಿ ಕಣ್ಣು ಮುಚ್ಚಿ, ಹೆಬ್ಬೆರಳು ಚಾಚಿ, ಮಣಿಕಟ್ಟು ತಿರುಗಿಸಿ, ಆಮೇಲೆ ಉತ್ತರ ಒತ್ತುತ್ತಿದ್ದಳು.

"ಇದು ನಾನೇ ಕಲಿಸಿದ್ದು ಮೇಡಂ. ನೋಡಿ, ಎಷ್ಟು ಚೆನ್ನಾಗಿ ಮಾಡ್ತಿದಾಳೆ!"

"ಅರ್ಥ ಆಗುತ್ತೆ ಸರ್. ಆದ್ರೆ ಸಮಿತಿ ತೀರ್ಮಾನ ಆಗೋಗಿದೆ. ಕೈ ಆಡಿಸಬಾರದು ಅಂತ ಸೂಚನೆ ಇತ್ತಲ್ಲ. ನೀವು ಮಕ್ಕಳಿಗೆ ಹೇಳಿರ್ಲಿಲ್ವಾ?"

ಸೂಚನೆಯನ್ನು ತರಗತಿಗೆ ಓದಿ ಹೇಳಿದ್ದು ಮೇಷ್ಟ್ರೇ. ಅದು ತಾವು ಕಲಿಸಿದ ಕೈಗೂ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ.

ಚೂಟಿ ಅದೇ ವರ್ಷವನ್ನು ಮತ್ತೆ ಓದಬೇಕಾಯಿತು. ಕಾಲೇಜು ತೆರೆದ ದಿನ ಅವಳು ಕೊನೆಯ ಬೆಂಚಿನಲ್ಲಿದ್ದಳು. ಮೇಷ್ಟ್ರು ಬೋರ್ಡಿನ ಮೇಲೆ ತಂತಿ ಬರೆದು, ಬಾಣ ಎಳೆದು, "ಎಲ್ಲಿ, ಬಲಗೈ ಎತ್ತಿ ನೋಡೋಣ" ಎಂದರು. ಹೊಸಬರ ಕೈಗಳು ಒಂದೊಂದಾಗಿ ಎದ್ದವು. ಅವಳದು ಏಳಲಿಲ್ಲ.

ಹತ್ತಿರ ಹೋಗಿ ಮೆಲ್ಲಗೆ ಹೇಳಿದರು, "ಇಲ್ಲಿ ಕ್ಯಾಮೆರಾ ಇಲ್ಲ ಕಣಮ್ಮ."

"ಗೊತ್ತು ಸರ್." ಅವಳ ಎರಡೂ ಅಂಗೈಗಳು ತೊಡೆಯ ಕೆಳಗಿದ್ದವು. "ಅಮ್ಮ ಹೀಗೇ ಕೂರಿಸಿ ಅಭ್ಯಾಸ ಮಾಡಿಸ್ತಿದಾರೆ. ಮುಂದಿನ ಸಲ ಮರೆತು ಕೈ ಎದ್ದುಬಿಟ್ರೆ?"

"ಮತ್ತೆ ದಿಕ್ಕು ಹೇಗೆ ಹೇಳ್ತೀಯ?"

"ನಾಲ್ಕು ಆಯ್ಕೆ ಇರುತ್ತಲ್ಲ ಸರ್, ಯಾವುದೋ ಒಂದು ಒತ್ತೋದು." ನಗಲು ನೋಡಿದಳು, ಆಗಲಿಲ್ಲ.

ಮೇಷ್ಟ್ರು ಬೋರ್ಡಿನ ಬಳಿಗೆ ಮರಳಿದರು. ಹೊಸ ಮಕ್ಕಳು ಇನ್ನೂ ಹೆಬ್ಬೆರಳು ಚಾಚಿಕೊಂಡೇ ಅವರ ಕೈಗಾಗಿ ಕಾಯುತ್ತಿದ್ದರು. ಕಾಲೇಜು ತೆರೆದಿದ್ದರೂ ವರ್ಷದ ಕೊನೆಗೆ ಇವರಿಗೂ ಅದೇ ಆನ್‌ಲೈನ್ ಪರೀಕ್ಷೆ, ಅದೇ ಕಾವಲು.

ಅರ್ಧ ಎತ್ತಿದ್ದ ಬಲಗೈಯನ್ನು ಅವರು ಇಳಿಸಿದರು.

"ಸಾಕು, ಕೈ ಕೆಳಗಿಡಿ. ನಿಯಮ ಬರ್ಕೊಳ್ಳಿ," ಎಂದರು. "ನಾಳೆಗೆ ಬಾಯಿಪಾಠ ಆಗಿರಬೇಕು."